ಹವ್ಯಾಸಿ ರೋಬಾಟ್‌ಗಳಲ್ಲಿ ಕ್ರಮವಿಧಿಯ ಸ್ಮೃತಿ: ಸಾಲದಾದಾಗ ವಿಸ್ತರಿಸುವ ವಿಧಾನಗಳು

ನೆಲದ ಮೇಲೆ ಬಳಿದ ಕಪ್ಪು ಗೆರೆಯನ್ನು ಅನುಸರಿಸಿ ತಾನಾಗಿಯೇ ಸಾಗುವ ಪುಟ್ಟ ಗಾಡಿಯನ್ನು ಇಂದು ಅನೇಕ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಕೈಯಾರೆ ನಿರ್ಮಿಸುತ್ತಾರೆ. ಎರಡು ಮೋಟಾರುಗಳು, ಮೂರು ಬೆಳಕಿನ ಸಂವೇದಕಗಳು, ಒಂದು ಬ್ಯಾಟರಿ ಮತ್ತು ಇವೆಲ್ಲವನ್ನೂ ನಿಯಂತ್ರಿಸುವ ಒಂದು ಮೈಕ್ರೋಕಂಟ್ರೋಲರ್, ಇಷ್ಟಿದ್ದರೆ ಗಾಡಿ ಸಿದ್ಧ. ಇದಕ್ಕೆ ಬೇಕಾದ ಕ್ರಮವಿಧಿಯೂ ಚಿಕ್ಕದೇ. ಯಂತ್ರಭಾಷೆಗೆ ಹತ್ತಿರವಾದ ಅಸೆಂಬ್ಲಿಯಲ್ಲಿ ಬರೆದರೆ ಕೆಲವು ನೂರು ಬೈಟ್‌ಗಳಲ್ಲಿ ಅದು ಮುಗಿದುಹೋಗುತ್ತದೆ.

ತೊಡಕು ಆರಂಭವಾಗುವುದು ಗಾಡಿ ಬುದ್ಧಿವಂತವಾಗತೊಡಗಿದಾಗ. ಮೊದಲು ಅಕ್ಷರಗಳನ್ನು ತೋರಿಸುವ ಪರದೆ ಬರುತ್ತದೆ. ಬಳಿಕ ಅಡಚಣೆಯ ದೂರವನ್ನು ಅಳೆಯುವ ಶ್ರವಣಾತೀತ ಸಂವೇದಕ, ಅನಂತರ ಚಕ್ರವ್ಯೂಹದಂತಹ ಹಾದಿಯನ್ನು ನೆನಪಿಟ್ಟುಕೊಳ್ಳುವ ವಿಧಿ ಸೇರುತ್ತವೆ. ಪ್ರತಿಯೊಂದು ಸೇರ್ಪಡೆಯೂ ಕ್ರಮವಿಧಿಯನ್ನು ಬೆಳೆಸುತ್ತದೆ. ಸ್ಪರ್ಧೆಗೆ ಒಂದು ವಾರ ಉಳಿದಿರುವಾಗ ಕ್ರಮವಿಧಿಯ ಗಾತ್ರ 5,300 ಬೈಟ್ ತಲುಪಿದೆ, ಚಿಪ್ಪಿನ ಒಳಗಿರುವ ಸ್ಥಳ 4,096 ಬೈಟ್ ಮಾತ್ರ ಎಂದು ಭಾವಿಸೋಣ. ಅವಸರದಲ್ಲಿ ಅಂಗಡಿಗೆ ಹೋಗಿ ಯಾವುದೋ ಒಂದು ಮೆಮರಿ ಚಿಪ್ಪನ್ನು ಕೊಂಡು ತಂದವರಿಗೆ ನಿರಾಶೆಯಾಗುವುದೇ ಹೆಚ್ಚು. ಎಲ್ಲ ಮೆಮರಿಯೂ ಕ್ರಮವಿಧಿಯ ಮೆಮರಿಯಲ್ಲ. ಈ ಭೇದವನ್ನು ಅರಿಯದೆ ಹೋದರೆ ಹಣವೂ ಸಮಯವೂ ವ್ಯರ್ಥವಾಗುತ್ತವೆ. ಕೆಲವೊಮ್ಮೆ ಚೆನ್ನಾಗಿ ನಡೆಯುತ್ತಿದ್ದ ಗಾಡಿಯೂ ಕೆಡುತ್ತದೆ. ಆದುದರಿಂದ ಸ್ಮೃತಿಯ ಬಗೆಗಳು, ಅದನ್ನು ಹಿಗ್ಗಿಸುವ ಮಾರ್ಗಗಳು ಮತ್ತು ಪ್ರತಿಯೊಂದು ಮಾರ್ಗಕ್ಕೂ ತೆರಬೇಕಾದ ಬೆಲೆ, ಇವುಗಳನ್ನು ಈ ಪಾಠದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೂರು ಬಗೆಯ ಸ್ಮೃತಿ

ಮೈಕ್ರೋಕಂಟ್ರೋಲರಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಸ್ಮೃತಿಗಳಿರುತ್ತವೆ. ಮೊದಲನೆಯದು ಕ್ರಮವಿಧಿಯ ಸ್ಮೃತಿ. ವಿದ್ಯುತ್ತು ಹೋದರೂ ಇದರಲ್ಲಿನ ಆದೇಶಗಳು ಅಳಿಯುವುದಿಲ್ಲ. ಎರಡನೆಯದು ಕಾರ್ಯಕಾಲದ ಸ್ಮೃತಿ. ಲೆಕ್ಕಾಚಾರದ ನಡುವಿನ ಬೆಲೆಗಳು ಇದರಲ್ಲಿ ತಂಗುತ್ತವೆ; ವಿದ್ಯುತ್ತು ಹೋದೊಡನೆ ಇದು ಬರಿದಾಗುತ್ತದೆ. ಇದನ್ನು ರ್‍ಯಾಮ್ ಎನ್ನುವರು. ಮೂರನೆಯದು ಶಾಶ್ವತ ದತ್ತಾಂಶದ ಸ್ಮೃತಿ. ಸಂವೇದಕದ ಹೊಂದಾಣಿಕೆಯ ಅಂಕಿಗಳಂತಹ ವಿವರಗಳನ್ನು ಗಾಡಿಯು ಇದರಲ್ಲಿ ತಾನೇ ಬರೆದಿಟ್ಟುಕೊಳ್ಳಬಲ್ಲದು. ಇದು ಇಇಪ್ರಾಮ್.

ಆರ್ಡುಯಿನೋ ಊನೋ ಫಲಕದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನಲ್ಲಿ ಈ ಮೂರರ ಪ್ರಮಾಣ ಕ್ರಮವಾಗಿ 32 ಕಿಲೋಬೈಟ್, 2 ಕಿಲೋಬೈಟ್ ಮತ್ತು 1 ಕಿಲೋಬೈಟ್. ನಮ್ಮ ದೇಶದ ತಾಂತ್ರಿಕ ವಿದ್ಯಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಎಟಿ89ಸಿ51 ಚಿಪ್ಪಿನಲ್ಲಿ ಕ್ರಮವಿಧಿಗೆ 4 ಕಿಲೋಬೈಟ್, ಕಾರ್ಯಕಾಲಕ್ಕೆ 128 ಬೈಟ್ ಮಾತ್ರ ಇವೆ. ಇಲ್ಲಿ ಒಂದು ಕಿಲೋಬೈಟ್ ಎಂದರೆ 1,024 ಬೈಟ್.

ಮೊದಲು ತಿಳಿಯಬೇಕಾದುದು ತುಂಬಿರುವುದು ಯಾವ ಸ್ಮೃತಿ ಎಂಬುದು. ಕ್ರಮವಿಧಿಯನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರ್ ತನ್ನ ವರದಿಯಲ್ಲಿ ಎರಡು ಲೆಕ್ಕಗಳನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಕ್ರಮವಿಧಿಯ ಸ್ಥಳ ಮೀರಿದರೆ ಚಿಪ್ಪಿಗೆ ಅದನ್ನು ತುಂಬಲು ಆಗುವುದೇ ಇಲ್ಲ. ಕಾರ್ಯಕಾಲದ ಸ್ಮೃತಿ ಮೀರಿದರೆ ಕ್ರಮವಿಧಿ ತುಂಬಿಕೊಳ್ಳುತ್ತದೆ, ಗಾಡಿಯೂ ಹೊರಡುತ್ತದೆ, ಆದರೆ ನಡುವೆ ಕಾರಣವಿಲ್ಲದೆ ನಿಲ್ಲುತ್ತದೆ ಅಥವಾ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಎರಡನೆಯ ದೋಷಕ್ಕೆ ಕ್ರಮವಿಧಿಯ ಸ್ಮೃತಿಯನ್ನು ವಿಸ್ತರಿಸುವುದು ಮದ್ದಲ್ಲ.

ಖರ್ಚಿಲ್ಲದ ಉಪಾಯಗಳು

ಹೊಸ ಚಿಪ್ಪನ್ನು ಕೊಳ್ಳುವ ಮುನ್ನ ಇರುವ ಸ್ಥಳವನ್ನು ಮಿತವಾಗಿ ಬಳಸಲು ಯತ್ನಿಸಬೇಕು. ಇದಕ್ಕೆ ಮುಖ್ಯವಾದ ಉಪಾಯಗಳು ಇವು:

1. ದಶಮಾಂಶ ಸಂಖ್ಯೆಗಳ ಲೆಕ್ಕವನ್ನು ಪೂರ್ಣಾಂಕಗಳಿಗೆ ಬದಲಾಯಿಸುವುದು. ಚಿಕ್ಕ ಚಿಪ್ಪುಗಳಲ್ಲಿ ದಶಮಾಂಶದ ಗುಣಾಕಾರ ಭಾಗಾಕಾರಗಳಿಗೆ ಯಂತ್ರಾಂಗವಿರುವುದಿಲ್ಲ. ಕಂಪೈಲರ್ ಅದಕ್ಕೆಂದು ದೊಡ್ಡದೊಂದು ವಿಧಿಸಮೂಹವನ್ನೇ ತಂದು ಸೇರಿಸುತ್ತದೆ. ದೂರವನ್ನು 12.5 ಸೆಂಟಿಮೀಟರ್ ಎನ್ನುವ ಬದಲು 125 ಮಿಲಿಮೀಟರ್ ಎಂದರೆ ಆ ಭಾರವೆಲ್ಲ ಇಳಿಯುತ್ತದೆ.

2. ಸೈನ್, ಕೊಸೈನ್ ಮುಂತಾದ ಬೆಲೆಗಳನ್ನು ಪ್ರತಿಸಲ ಲೆಕ್ಕ ಹಾಕದೆ ಚಿಕ್ಕ ಕೋಷ್ಟಕದಿಂದ ಓದಿಕೊಳ್ಳುವುದು.

3. ಹಲವು ಕಡೆ ಮರುಕಳಿಸುವ ಆದೇಶಗಳನ್ನು ಒಂದೇ ಉಪವಿಧಿಯಾಗಿ ಬರೆದು ಬೇಕಾದಾಗ ಕರೆಯುವುದು.

4. ಸಿದ್ಧ ಲೈಬ್ರರಿಗಳಲ್ಲಿ ಬಳಸದೆ ಉಳಿದವುಗಳನ್ನು ಕೈಬಿಡುವುದು, ಮತ್ತು ವೇಗಕ್ಕಿಂತ ಗಾತ್ರಕ್ಕೆ ಆದ್ಯತೆ ಕೊಡುವಂತೆ ಕಂಪೈಲರಿಗೆ ಸೂಚಿಸುವುದು.

ಇಷ್ಟಾದರೂ ಸಾಲದಿದ್ದರೆ ಅದೇ ಪಿನ್‌ಗಳ ಜೋಡಣೆಯುಳ್ಳ ದೊಡ್ಡ ಚಿಪ್ಪನ್ನು ಹಳೆಯದರ ಜಾಗದಲ್ಲಿ ಇಡುವುದು ಅತಿ ಸುಲಭವಾದ ಮಾರ್ಗ. ಎಟಿ89ಸಿ51 ಇದ್ದ ಸಾಕೆಟ್ಟಿನಲ್ಲಿ 8 ಕಿಲೋಬೈಟ್‌ನ ಎಟಿ89ಸಿ52 ಹಾಗೆಯೇ ಕೂರುತ್ತದೆ. ಎಟಿಮೆಗಾ ಕುಟುಂಬದಲ್ಲಿ 28 ಪಿನ್‌ಗಳ ಒಂದೇ ವಿನ್ಯಾಸದಲ್ಲಿ 8, 16 ಮತ್ತು 32 ಕಿಲೋಬೈಟ್‌ನ ಚಿಪ್ಪುಗಳಿವೆ. ಕ್ರಮವಿಧಿಯನ್ನು ಹೊಸ ಚಿಪ್ಪಿನ ಹೆಸರಿಗೆ ಮತ್ತೊಮ್ಮೆ ಕಂಪೈಲ್ ಮಾಡಿದರೆ ಸಾಕು, ಒಂದು ತಂತಿಯನ್ನೂ ಬದಲಾಯಿಸಬೇಕಾಗಿಲ್ಲ. ಮೇಲೆ ಹೇಳಿದ 5,300 ಬೈಟ್‌ಗಳ ಗಾಡಿಗೆ ಇದೇ ಸರಿಯಾದ ಪರಿಹಾರ.

ಹೊರಗಿನ ಸ್ಮೃತಿಯಿಂದ ಆದೇಶ ಓದಲು ಯಾವ ಚಿಪ್ಪಿಗೆ ಸಾಧ್ಯ?

ಮೈಕ್ರೋಕಂಟ್ರೋಲರಿನೊಳಗೆ ಮುಂದಿನ ಆದೇಶದ ವಿಳಾಸವನ್ನು ಹಿಡಿದಿಡುವ ಒಂದು ಎಣಿಕೆಗಾರ ಇರುತ್ತದೆ. ಆ ವಿಳಾಸವು ಚಿಪ್ಪಿನ ಹೊರಕ್ಕೆ ಬರುವ ವ್ಯವಸ್ಥೆ ಇದ್ದರೆ ಮಾತ್ರ ಹೊರಗಿನ ಸ್ಮೃತಿಯಿಂದ ಆದೇಶಗಳನ್ನು ನೇರವಾಗಿ ಪಡೆಯಬಹುದು. ಎಟಿಮೆಗಾ328ಪಿಯಲ್ಲಿ ಈ ವ್ಯವಸ್ಥೆಯಿಲ್ಲ. ಅದು ತನ್ನ ಒಳಗಿನ ಫ್ಲ್ಯಾಶ್ ಸ್ಮೃತಿಯಿಂದಲ್ಲದೆ ಬೇರೆಲ್ಲಿಂದಲೂ ಆದೇಶವನ್ನು ಓದಲಾರದು. ಅದೇ ಕುಟುಂಬದ ಎಟಿಮೆಗಾ128ಕ್ಕೆ ಹೊರಗಿನ ಸ್ಮೃತಿಯನ್ನು ಜೋಡಿಸಬಹುದಾದರೂ ಅದು ದತ್ತಾಂಶಕ್ಕೆ ಮಾತ್ರ ಸಲ್ಲುತ್ತದೆ. ಆರ್ಡುಯಿನೋಗೆ ಎಸ್‌ಡಿ ಕಾರ್ಡನ್ನು ಸೇರಿಸಿದರೆ ಕ್ರಮವಿಧಿಯ ಸ್ಥಳ ಹೆಚ್ಚುತ್ತದೆ ಎಂಬ ನಂಬಿಕೆ ಈ ಕಾರಣದಿಂದ ತಪ್ಪು. ವಾಸ್ತವವಾಗಿ ಕಾರ್ಡನ್ನು ಓದುವ ಲೈಬ್ರರಿಯೇ ಇರುವ ಸ್ಥಳದಲ್ಲಿ ಒಂದು ಭಾಗವನ್ನು ಕಬಳಿಸುತ್ತದೆ.

ಇದಕ್ಕೆ ವಿರುದ್ಧವಾಗಿ, ಇಂಟೆಲ್ ಸಂಸ್ಥೆಯು 1980ರಲ್ಲಿ ಹೊರತಂದ 8051 ಕುಟುಂಬದಲ್ಲಿ ಹೊರಗಿನ ಕ್ರಮವಿಧಿಗೆ ಮೊದಲಿನಿಂದಲೂ ಅವಕಾಶವಿದೆ. ಆ ಕುಟುಂಬದ 8031 ಎಂಬ ಚಿಪ್ಪಿನಲ್ಲಂತೂ ಒಳಗೆ ಕ್ರಮವಿಧಿಯ ಸ್ಮೃತಿಯೇ ಇಲ್ಲ; ಅದು ಹೊರಗಿನದನ್ನೇ ಪೂರ್ಣವಾಗಿ ಆಶ್ರಯಿಸುತ್ತದೆ. ವಿಸ್ತರಣೆಯ ತತ್ತ್ವವನ್ನು ಕಣ್ಣಾರೆ ಕಂಡು ಕಲಿಯಲು ಇದಕ್ಕಿಂತ ಉತ್ತಮ ಉದಾಹರಣೆ ವಿರಳ.

8051ಕ್ಕೆ ಹೊರಗಿನ ಸ್ಮೃತಿಯ ಜೋಡಣೆ

8051ರ ವಿಳಾಸ 16 ಬಿಟ್‌ಗಳದು. ಆದುದರಿಂದ ಅದು 65,536 ಬೈಟ್, ಅಂದರೆ 64 ಕಿಲೋಬೈಟ್ ಕ್ರಮವಿಧಿಯನ್ನು ತಲುಪಬಲ್ಲದು. 40 ಪಿನ್‌ಗಳ ಚಿಪ್ಪಿನಲ್ಲಿ ವಿಳಾಸಕ್ಕೆ 16, ದತ್ತಾಂಶಕ್ಕೆ 8 ಪಿನ್‌ಗಳನ್ನು ಪ್ರತ್ಯೇಕವಾಗಿ ಮೀಸಲಿಟ್ಟರೆ ಬೇರೆ ಕೆಲಸಕ್ಕೆ ಹೆಚ್ಚೇನೂ ಉಳಿಯದು. ಅದಕ್ಕಾಗಿ ಸೊನ್ನೆಯ ಪೋರ್ಟಿನ ಎಂಟು ಪಿನ್‌ಗಳು ಎರಡು ಕೆಲಸಗಳನ್ನು ಸರದಿಯ ಮೇಲೆ ನಿರ್ವಹಿಸುತ್ತವೆ. ಒಂದು ಆದೇಶವನ್ನು ತರುವ ಕ್ರಮ ಹೀಗಿದೆ:

ಮೊದಲು ವಿಳಾಸದ ಕೆಳಗಿನ ಎಂಟು ಬಿಟ್‌ಗಳು ಸೊನ್ನೆಯ ಪೋರ್ಟಿನಲ್ಲಿಯೂ ಮೇಲಿನ ಎಂಟು ಬಿಟ್‌ಗಳು ಎರಡನೆಯ ಪೋರ್ಟಿನಲ್ಲಿಯೂ ಕಾಣಿಸಿಕೊಳ್ಳುತ್ತವೆ. ಆಗ ಎಎಲ್ಇ ಎಂಬ ಪಿನ್ ಮೇಲಿನ ಮಟ್ಟದಿಂದ ಕೆಳಕ್ಕೆ ಇಳಿಯುತ್ತದೆ. ಇದು 74ಎಲ್‌ಎಸ್373 ಎಂಬ ಲ್ಯಾಚ್ ಚಿಪ್ಪಿಗೆ ಸಂಕೇತ. ಅದು ಕೆಳಗಿನ ಎಂಟು ಬಿಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೊನ್ನೆಯ ಪೋರ್ಟು ಈಗ ಬಿಡುವಾಯಿತು. ಬಳಿಕ ಪಿಎಸ್ಇಎನ್ ಪಿನ್ ಕೆಳಮಟ್ಟಕ್ಕೆ ಬರುತ್ತದೆ. ಆಗ ಇಪ್ರಾಮ್ ಚಿಪ್ಪು ಆ ವಿಳಾಸದಲ್ಲಿರುವ ಬೈಟನ್ನು ಸೊನ್ನೆಯ ಪೋರ್ಟಿಗೆ ಒಪ್ಪಿಸುತ್ತದೆ. ಮೈಕ್ರೋಕಂಟ್ರೋಲರ್ ಅದನ್ನು ಓದಿಕೊಳ್ಳುತ್ತದೆ.

32 ಕಿಲೋಬೈಟ್‌ನ 27ಸಿ256 ಇಪ್ರಾಮನ್ನು ಜೋಡಿಸುವಾಗ ಗಮನಿಸಬೇಕಾದ ಸಂಪರ್ಕಗಳು:

1. ಸೊನ್ನೆಯ ಪೋರ್ಟಿನ ಎಂಟು ಪಿನ್‌ಗಳಿಂದ ಲ್ಯಾಚಿನ ಒಳಮುಖಗಳಿಗೂ ಇಪ್ರಾಮಿನ ದತ್ತಾಂಶದ ಪಿನ್‌ಗಳಿಗೂ ತಂತಿಗಳು ಹೋಗಬೇಕು. ಲ್ಯಾಚಿನ ಹೊರಮುಖಗಳು ಇಪ್ರಾಮಿನ ಕೆಳಗಿನ ಎಂಟು ವಿಳಾಸದ ಪಿನ್‌ಗಳನ್ನು ಸೇರಬೇಕು.

2. ಲ್ಯಾಚಿನ 11ನೆಯ ಪಿನ್ನಿಗೆ ಎಎಲ್ಇ, 1ನೆಯ ಪಿನ್ನಿಗೆ ನೆಲಸಂಪರ್ಕ.

3. ಎರಡನೆಯ ಪೋರ್ಟಿನ ಮೊದಲ ಏಳು ಪಿನ್‌ಗಳಿಗೆ ಇಪ್ರಾಮಿನ ಮೇಲಿನ ಏಳು ವಿಳಾಸದ ಪಿನ್‌ಗಳು. ಉಳಿದ ಎಂಟನೆಯದನ್ನು ಇಪ್ರಾಮಿನ ಆಯ್ಕೆಯ ಪಿನ್ನಿಗೆ ಸೇರಿಸಿದರೆ ಮೊದಲ 32 ಕಿಲೋಬೈಟ್‌ಗಳಲ್ಲಿ ಮಾತ್ರ ಆ ಚಿಪ್ಪು ಎಚ್ಚೆತ್ತುಕೊಳ್ಳುತ್ತದೆ.

4. ಇಪ್ರಾಮಿನ ಹೊರಮುಖವನ್ನು ತೆರೆಯುವ ಪಿನ್ನಿಗೆ ಪಿಎಸ್ಇಎನ್. ಇಪ್ರಾಮಿನ 1ನೆಯ ಪಿನ್ನಿಗೆ 5 ವೋಲ್ಟ್.

5. ಮೈಕ್ರೋಕಂಟ್ರೋಲರಿನ 31ನೆಯ ಪಿನ್ನಾದ ಇಎಗೆ ನೆಲಸಂಪರ್ಕ. 8031ರಲ್ಲಿ ಇದು ಕಡ್ಡಾಯ.

ಇಎ ಪಿನ್ನಿನ ಪಾತ್ರವನ್ನು ಸ್ಪಷ್ಟವಾಗಿ ಅರಿಯಬೇಕು. ಅದು ನೆಲಕ್ಕೆ ಸೇರಿದ್ದರೆ ಎಲ್ಲ ಆದೇಶಗಳೂ ಹೊರಗಿನಿಂದ ಬರುತ್ತವೆ. 5 ವೋಲ್ಟಿಗೆ ಸೇರಿದ್ದರೆ ಮೊದಲ 4 ಕಿಲೋಬೈಟ್ ಒಳಗಿನಿಂದಲೂ ಅದರಾಚೆಯದು ಹೊರಗಿನಿಂದಲೂ ಬರುತ್ತದೆ. ಎರಡನೆಯ ರೀತಿಯಲ್ಲಿ ಹೊರಗಿನ ಇಪ್ರಾಮಿನ ಮೊದಲ 4 ಕಿಲೋಬೈಟ್ ಕೆಲಸಕ್ಕೆ ಬಾರದು. ಕ್ರಮವಿಧಿಯ ಮುಂದುವರಿದ ಭಾಗವನ್ನು ಷೋಡಶಮಾನದ 1000 ಎಂಬ ವಿಳಾಸದಿಂದಲೇ ತುಂಬಬೇಕು. ಇದನ್ನು ಮರೆತು ಸೊನ್ನೆಯಿಂದ ತುಂಬಿದವರ ಗಾಡಿ ಅರ್ಧ ದಾರಿಯಲ್ಲಿ ದಿಕ್ಕುಗೆಡುವುದು ಸಹಜ.

ವೇಗಕ್ಕೂ ಹೊಂದಾಣಿಕೆ ಬೇಕು. 12 ಮೆಗಾಹರ್ಟ್ಸ್ ಗಡಿಯಾರದಲ್ಲಿ ನಡೆಯುವ 8031ಕ್ಕೆ 200 ನ್ಯಾನೊಸೆಕೆಂಡ್ ಅಥವಾ ಅದಕ್ಕಿಂತ ಶೀಘ್ರವಾದ ಇಪ್ರಾಮ್ ಒಪ್ಪುತ್ತದೆ. ಈ ಅಂಕಿ ಚಿಪ್ಪಿನ ಬೆನ್ನಿನ ಮೇಲೆ ಹೆಸರಿನ ಕೊನೆಯಲ್ಲಿ ಮುದ್ರಿತವಾಗಿರುತ್ತದೆ; 200 ಎಂಬುದಕ್ಕೆ 20 ಎಂದು ಬರೆಯುವ ವಾಡಿಕೆಯೂ ಉಂಟು.

ಇಪ್ರಾಮನ್ನು ಅಳಿಸಲು ಅದರ ಗಾಜಿನ ಕಿಂಡಿಯ ಮೂಲಕ ನೇರಳಾತೀತ ಕಿರಣವನ್ನು ಹಾಯಿಸಬೇಕು. ಇದಕ್ಕೆ ಸುಮಾರು 15ರಿಂದ 20 ನಿಮಿಷ ಹಿಡಿಯುತ್ತದೆ. ಆ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು. ಕ್ರಮವಿಧಿ ತುಂಬಿದ ಮೇಲೆ ಕಿಂಡಿಗೆ ಬೆಳಕು ತೂರದ ಚೀಟಿಯನ್ನು ಅಂಟಿಸಬೇಕು. ಈ ತಾಪತ್ರಯ ಬೇಡವೆಂದರೆ ವಿದ್ಯುತ್ತಿನಿಂದಲೇ ಅಳಿಸಬಹುದಾದ 28ಸಿ256 ಚಿಪ್ಪನ್ನು ಬಳಸಬಹುದು. ಆದರೆ ಎರಡೂ 28 ಪಿನ್‌ಗಳವೇ ಆದರೂ ಅವುಗಳಲ್ಲಿ ಒಂದು ವ್ಯತ್ಯಾಸವಿದೆ. 27ಸಿ256ರಲ್ಲಿ ಹದಿನೈದನೆಯ ವಿಳಾಸದ ತಂತಿ 27ನೆಯ ಪಿನ್ನಿನಲ್ಲಿದೆ. 28ಸಿ256ರಲ್ಲಿ ಅದು 1ನೆಯ ಪಿನ್ನಿಗೆ ಹೋಗಿ, 27ನೆಯದು ಬರೆಯುವ ಸಂಕೇತದ ಪಿನ್ ಆಗಿದೆ. ತಂತಿಗಳನ್ನು ಬದಲಾಯಿಸದೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಾರದು.

ಜೋಡಣೆ ಮುಗಿದೊಡನೆ ದೊಡ್ಡ ಕ್ರಮವಿಧಿಯನ್ನು ತುಂಬುವುದು ಜಾಣತನವಲ್ಲ. ಒಂದು ಪುಟ್ಟ ಪರೀಕ್ಷೆಯನ್ನು ಮೊದಲು ನಡೆಸಬೇಕು. ಷೋಡಶಮಾನದ 1000, 2000 ಮತ್ತು 4000 ಎಂಬ ವಿಳಾಸಗಳಲ್ಲಿ ದೀಪವನ್ನು ಕ್ರಮವಾಗಿ ಒಂದು, ಎರಡು, ಮೂರು ಸಲ ಮಿನುಗಿಸುವ ಉಪವಿಧಿಗಳನ್ನಿಟ್ಟು, ಸೊನ್ನೆಯಿಂದ ಒಂದೊಂದಕ್ಕೂ ಜಿಗಿಯುವಂತೆ ಬರೆಯಬೇಕು. ಮೇಲಿನ ವಿಳಾಸದ ಯಾವುದಾದರೂ ತಂತಿ ಬಿಟ್ಟುಹೋಗಿದ್ದರೆ ಮಿನುಗುವ ಎಣಿಕೆ ತಪ್ಪುತ್ತದೆ, ದೋಷ ಎಲ್ಲಿದೆಯೆಂಬುದು ತಿಳಿಯುತ್ತದೆ.

ವಿಸ್ತರಣೆಗೆ ತೆರಬೇಕಾದ ಬೆಲೆ

ಹೊರಗಿನ ಸ್ಮೃತಿ ಬಂದೊಡನೆ ಮೈಕ್ರೋಕಂಟ್ರೋಲರಿನ 32 ಒಳಹೊರ ಪಿನ್‌ಗಳಲ್ಲಿ 16 ಕೈತಪ್ಪಿ ಹೋಗುತ್ತವೆ. ಉಳಿದ 16ರಲ್ಲಿ ಎರಡು ಮೋಟಾರುಗಳ ಚಾಲಕಕ್ಕೆ 4, ಗೆರೆಯ ಸಂವೇದಕಗಳಿಗೆ 5, ಪರದೆಗೆ 6 ಎಂದು ಹಂಚಿದರೆ ಒಂದೇ ಒಂದು ಪಿನ್ ಮಿಗುತ್ತದೆ. ಶ್ರವಣಾತೀತ ಸಂವೇದಕಕ್ಕೆ ಸಾಮಾನ್ಯವಾಗಿ ಎರಡು ಬೇಕು. ಹೀಗಾಗಿ ಸ್ಮೃತಿಯನ್ನು ಹಿಗ್ಗಿಸುವ ಮುನ್ನ ಪಿನ್‌ಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡುವುದು ಅವಶ್ಯ.

ಎರಡನೆಯ ಬೆಲೆ ವಿದ್ಯುತ್ ಗದ್ದಲದ್ದು. ಒಳಗಿನ ಸ್ಮೃತಿಯಿಂದ ಬರುವ ಆದೇಶ ಚಿಪ್ಪಿನ ಹೊರಗೆ ಕಾಲಿಡುವುದಿಲ್ಲ. ಹೊರಗಿನ ಸ್ಮೃತಿಯ ಆದೇಶವಾದರೋ ಇಪ್ಪತ್ತಕ್ಕೂ ಹೆಚ್ಚು ತಂತಿಗಳ ಮೇಲೆ ಪಯಣಿಸಬೇಕು. ಪಕ್ಕದಲ್ಲೇ ತಿರುಗುವ ಮೋಟಾರಿನ ಬ್ರಷ್‌ಗಳು ಕಿಡಿಯುಗುಳುತ್ತಿರುತ್ತವೆ. ಒಂದು ಬಿಟ್ ತಪ್ಪಾಗಿ ಓದಿದರೂ ಆದೇಶದ ಅರ್ಥವೇ ಬದಲಾಗಿ ಗಾಡಿ ಮೇಜಿನಿಂದ ಕೆಳಗೆ ಧುಮುಕಬಹುದು. ಇದನ್ನು ತಡೆಯಲು ಪ್ರತಿ ಚಿಪ್ಪಿನ ವಿದ್ಯುತ್ ಪಿನ್‌ಗಳ ಬಳಿಯಲ್ಲಿಯೂ ಪ್ರತಿ ಮೋಟಾರಿನ ತುದಿಗಳ ನಡುವೆಯೂ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಇಡಬೇಕು. ತಂತಿಗಳು ಗಿಡ್ಡವಾಗಿರಬೇಕು. ಸಾಧ್ಯವಾದರೆ ಮೋಟಾರಿಗೂ ಚಿಪ್ಪುಗಳಿಗೂ ಬೇರೆ ಬ್ಯಾಟರಿಗಳನ್ನು ಬಳಸಿ ನೆಲಸಂಪರ್ಕವನ್ನು ಮಾತ್ರ ಒಂದುಗೂಡಿಸಬೇಕು.

ಈ ಕಷ್ಟಗಳ ನಡುವೆಯೂ ಹೊರಗಿನ ಸ್ಮೃತಿ ಹವ್ಯಾಸಿ ರೋಬಾಟ್‌ಗಳ ಇತಿಹಾಸದಲ್ಲಿ ದೊಡ್ಡ ಪಾತ್ರವನ್ನು ವಹಿಸಿದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಫ್ರೆಡ್ ಮಾರ್ಟಿನ್ ಅವರು ವಿನ್ಯಾಸಗೊಳಿಸಿದ ಹ್ಯಾಂಡಿ ಬೋರ್ಡ್ ಎಂಬ ಫಲಕ ಇದಕ್ಕೆ ನಿದರ್ಶನ. ಅದಕ್ಕೂ ಮುಂಚಿನ ಮಿನಿ ಬೋರ್ಡಿನಲ್ಲಿ ಕ್ರಮವಿಧಿಗೆ ಚಿಪ್ಪಿನೊಳಗಿನ 2 ಕಿಲೋಬೈಟ್ ಮಾತ್ರ ಲಭ್ಯವಿತ್ತು. ಹ್ಯಾಂಡಿ ಬೋರ್ಡಿನಲ್ಲಿ ಮೊಟೊರೋಲಾದ 68ಎಚ್‌ಸಿ11 ಚಿಪ್ಪಿಗೆ ಹೊರಗಿನಿಂದ 32 ಕಿಲೋಬೈಟ್ ರ್‍ಯಾಮ್ ಜೋಡಿಸಿ, ಬ್ಯಾಟರಿಯ ಬೆಂಬಲದಿಂದ ಅದರ ನೆನಪು ಅಳಿಯದಂತೆ ಮಾಡಲಾಯಿತು. ಕಿರಣದಿಂದ ಅಳಿಸುವ ಕಾಯುವಿಕೆ ತಪ್ಪಿತು. ವಿದ್ಯಾರ್ಥಿಗಳು ಸಿ ಭಾಷೆಯಲ್ಲಿ ಬರೆದ ವಿಧಿಗಳನ್ನು ಗಣಕದಿಂದ ಇಳಿಸಿ ಒಡನೆಯೇ ಪರೀಕ್ಷಿಸಲು ಸಾಧ್ಯವಾಯಿತು.

ಎರಡು ತಂತಿಗಳ ಮಾರ್ಗ

ಪಿನ್‌ಗಳನ್ನು ಕಳೆದುಕೊಳ್ಳದೆ ಸ್ಥಳವನ್ನು ಹೆಚ್ಚಿಸುವ ಇನ್ನೊಂದು ಮಾರ್ಗವುಂಟು. 24ಸಿ256ದಂತಹ ಸರಣಿ ಇಇಪ್ರಾಮಿನಲ್ಲಿ 32,768 ಬೈಟ್‌ಗಳಿವೆ. ಅದನ್ನು ಎರಡೇ ತಂತಿಗಳಿಂದ ಓದಬಹುದು. ಇದರಿಂದ ಯಂತ್ರದ ಆದೇಶಗಳನ್ನು ನೇರವಾಗಿ ನಡೆಸಲಾಗದು. ಆದರೆ ಗಾಡಿ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಅದರಲ್ಲಿ ಸಂಕೇತರೂಪವಾಗಿ ಇಟ್ಟು, ಒಂದೊಂದನ್ನೇ ಓದಿ ನಡೆಸುವ ಚಿಕ್ಕ ವ್ಯಾಖ್ಯಾನಕಾರ ವಿಧಿಯನ್ನು ಒಳಗಿನ ಸ್ಮೃತಿಯಲ್ಲಿ ಇಡಬಹುದು.

ನರ್ತಿಸುವ ರೋಬಾಟ್ ಒಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎಡ ಮೋಟಾರಿನ ವೇಗ, ಬಲ ಮೋಟಾರಿನ ವೇಗ, ತೋಳಿನ ಕೋನ, ಕಾಲಾವಧಿ, ಹೀಗೆ ಪ್ರತಿ ಹೆಜ್ಜೆಗೂ 4 ಬೈಟ್ ಬೇಕೆಂದರೆ ಒಂದು ಚಿಪ್ಪಿನಲ್ಲಿ 8,192 ಹೆಜ್ಜೆಗಳು ಹಿಡಿಸುತ್ತವೆ. ಹೆಜ್ಜೆಯೊಂದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗವೆಂದರೂ 13 ನಿಮಿಷಕ್ಕೂ ಮೀರಿದ ನೃತ್ಯ ಅದರಲ್ಲಿ ಅಡಗುತ್ತದೆ. ನಾಲ್ಕು ಬೈಟ್‌ಗಳನ್ನು ಓದಲು 100 ಕಿಲೋಹರ್ಟ್ಸ್ ವೇಗದಲ್ಲಿಯೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಾಕು. ಎರಡೂ ತಂತಿಗಳಿಂದ 5 ವೋಲ್ಟಿಗೆ 4.7 ಕಿಲೋಓಮ್ ರೋಧಕಗಳನ್ನು ಜೋಡಿಸುವುದನ್ನು ಮಾತ್ರ ಮರೆಯಬಾರದು.

ಪ್ಯಾರಲಾಕ್ಸ್ ಸಂಸ್ಥೆಯ ಬೇಸಿಕ್ ಸ್ಟಾಂಪ್ 2 ಫಲಕವು ಈ ತತ್ತ್ವದ ಮೇಲೆಯೇ ನಿಂತಿದೆ. ಅದರ ಪಿಐಸಿ ಚಿಪ್ಪಿನಲ್ಲಿರುವುದು ವ್ಯಾಖ್ಯಾನಕಾರ ಮಾತ್ರ. ಬಳಕೆದಾರರ ಕ್ರಮವಿಧಿ ಪಕ್ಕದ 2 ಕಿಲೋಬೈಟ್ ಸರಣಿ ಇಇಪ್ರಾಮಿನಲ್ಲಿ ಇರುತ್ತದೆ. ಅನಂತರದ ಮಾದರಿಗಳಲ್ಲಿ ತಲಾ 2 ಕಿಲೋಬೈಟ್‌ನ ಎಂಟು ಕೋಣೆಗಳನ್ನಿಟ್ಟು, ಒಂದು ಕೋಣೆಯ ವಿಧಿಯಿಂದ ಇನ್ನೊಂದಕ್ಕೆ ಹೋಗುವ ಅನುಕೂಲವನ್ನು ಕಲ್ಪಿಸಲಾಯಿತು. ವೇಗ ಕಡಿಮೆಯಾಗುವುದು ಈ ಮಾರ್ಗದ ಮಿತಿ. ಮೋಟಾರಿನ ವೇಗನಿಯಂತ್ರಣದಂತಹ ತ್ವರಿತ ಕೆಲಸಗಳನ್ನು ಒಳಗಿನ ಸ್ಮೃತಿಯಲ್ಲಿಯೇ ಇಡಬೇಕು.

ಇಂದಿನ ಚಿಪ್ಪುಗಳು

ಹಳೆಯ ತತ್ತ್ವವೇ ಇಂದು ಹೊಸ ರೂಪದಲ್ಲಿ ಮರಳಿದೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪೀಕೋ ಫಲಕದ ಆರ್‌ಪಿ2040 ಚಿಪ್ಪಿನಲ್ಲಿ 264 ಕಿಲೋಬೈಟ್ ರ್‍ಯಾಮ್ ಇದೆ. ಬಳಕೆದಾರರ ಕ್ರಮವಿಧಿಗೆ ಒಳಗೆ ಫ್ಲ್ಯಾಶ್ ಸ್ಮೃತಿಯಿಲ್ಲ. 8031ರಂತೆಯೇ ಅದೂ ಹೊರಗಿನ ಸ್ಮೃತಿಯನ್ನು ಅವಲಂಬಿಸಿದೆ. ಆದರೆ ಆದೇಶಗಳು ಆರು ತಂತಿಗಳ ಮೂಲಕ ಬರುತ್ತವೆ, ಪದೇಪದೇ ಬೇಕಾದವು ಒಳಗಿನ 16 ಕಿಲೋಬೈಟ್ ತಾತ್ಕಾಲಿಕ ಕೋಶದಲ್ಲಿ ಉಳಿಯುತ್ತವೆ. ಆ ಫಲಕದಲ್ಲಿ 2 ಮೆಗಾಬೈಟ್ ಫ್ಲ್ಯಾಶ್ ಇದ್ದು, ಚಿಪ್ಪು 16 ಮೆಗಾಬೈಟ್‌ವರೆಗೆ ತಲುಪಬಲ್ಲದು. ಕೇಂದ್ರ ಸರ್ಕಾರದ ಸಿ-ಡಾಕ್ ಸಂಸ್ಥೆಯು ರೂಪಿಸಿದ ವೇಗಾ ಪ್ರೊಸೆಸರುಗಳ ಸಾಲಿನ ತೇಜಸ್32 ಚಿಪ್ಪಿನಲ್ಲಿ 256 ಕಿಲೋಬೈಟ್ ರ್‍ಯಾಮ್ ಇದ್ದು, ಅದನ್ನು ಬಳಸುವ ಏರೀಸ್ ಫಲಕದಲ್ಲಿ ಕ್ರಮವಿಧಿಯನ್ನು ಹೊರಗಿನ ಫ್ಲ್ಯಾಶ್‌ನಲ್ಲಿ ಉಳಿಸಿಡಬಹುದು.

ಇವುಗಳಿಗೆ ಬದಲಾಗುವವರು ಒಂದು ಎಚ್ಚರಿಕೆಯನ್ನು ಪಾಲಿಸಬೇಕು. ಆರ್‌ಪಿ2040 3.3 ವೋಲ್ಟಿನ ಚಿಪ್ಪು. ಹಳೆಯ ಗಾಡಿಯ 5 ವೋಲ್ಟ್ ಸಂವೇದಕದ ತಂತಿಯನ್ನು ಅದಕ್ಕೆ ನೇರವಾಗಿ ಸೇರಿಸಿದರೆ ಚಿಪ್ಪು ಹಾಳಾಗಬಹುದು. 1 ಕಿಲೋಓಮ್ ಮತ್ತು 2 ಕಿಲೋಓಮ್ ರೋಧಕಗಳನ್ನು ಸರಣಿಯಲ್ಲಿಟ್ಟು, ನೆಲದ ಕಡೆಯ 2 ಕಿಲೋಓಮ್ ರೋಧಕದ ಮೇಲಿನ ತುದಿಯಿಂದ ಸಂಕೇತವನ್ನು ಪಡೆದರೆ 5 ವೋಲ್ಟ್ ಸುಮಾರು 3.3ಕ್ಕೆ ಇಳಿಯುತ್ತದೆ.

ಯಾವುದನ್ನು ಆರಿಸಬೇಕು?

ಕೊರತೆ ಕೆಲವೇ ನೂರು ಬೈಟ್‌ಗಳಾದರೆ ಕ್ರಮವಿಧಿಯನ್ನು ಕಿರಿದುಗೊಳಿಸಬೇಕು. ಎರಡು ಮಡಿ ಸ್ಥಳ ಬೇಕಾದರೆ ಅದೇ ಪಿನ್‌ಗಳ ದೊಡ್ಡ ಚಿಪ್ಪು ಸಾಕು. ಹೆಚ್ಚಿರುವುದು ಕೋಷ್ಟಕ, ಹಾಡು, ಹೆಜ್ಜೆಗಳಂತಹ ದತ್ತಾಂಶವಾದರೆ ಸರಣಿ ಇಇಪ್ರಾಮ್ ತಕ್ಕುದು. ಹೊಸದಾಗಿ ಗಾಡಿ ಕಟ್ಟುವವರು ಹೊರಗಿನ ಫ್ಲ್ಯಾಶ್ ಉಳ್ಳ ಇಂದಿನ ಫಲಕವನ್ನೇ ಆರಿಸಬಹುದು. 8031, ಲ್ಯಾಚ್, ಇಪ್ರಾಮ್‌ಗಳ ಜೋಡಣೆಯು ಇಂದು ಅಗತ್ಯಕ್ಕಿಂತ ಕಲಿಕೆಗೆ ಹೆಚ್ಚು ಉಪಯುಕ್ತ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಬೀದಿ, ದೆಹಲಿಯ ಲಾಜಪತ್ ರಾಯ್ ಮಾರುಕಟ್ಟೆ ಮುಂತಾದ ಕಡೆಗಳಲ್ಲಿ ಬಿಡಿಭಾಗಗಳನ್ನು ಕೊಳ್ಳುವವರು ಚಿಪ್ಪಿನ ಪೂರ್ಣ ಹೆಸರು, ವೇಗದ ಅಂಕಿ ಮತ್ತು ವೋಲ್ಟೇಜನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಲೇಸು.

ಗಾಡಿ ದೊಡ್ಡದಾದಂತೆ ಸ್ಮೃತಿಯೂ ದೊಡ್ಡದಾಗಲೇಬೇಕೆಂಬ ನಿಯಮವಿಲ್ಲ. ಆದರೆ ಒಂದು ಆದೇಶ ಎಲ್ಲಿ ವಾಸಿಸುತ್ತದೆ, ಯಾವ ತಂತಿಯ ಮೇಲೆ ಬರುತ್ತದೆ, ಯಾವಾಗ ಓದಲ್ಪಡುತ್ತದೆ ಎಂಬುದನ್ನು ಬಲ್ಲ ವಿದ್ಯಾರ್ಥಿ ಗಾಡಿ ನಿಂತಾಗ ಗಾಬರಿಗೊಳ್ಳುವುದಿಲ್ಲ. ಕಾರಣವನ್ನು ಹುಡುಕುತ್ತಾನೆ, ಹುಡುಕುತ್ತಾಳೆ. ಈ ಪಾಠದ ಉದ್ದೇಶವೂ ಅದೇ ಆಗಿದೆ.

ಅಭ್ಯಾಸ

1. 27ಸಿ64 ಇಪ್ರಾಮಿನಲ್ಲಿ 8,192 ಬೈಟ್‌ಗಳಿವೆ. ಅದಕ್ಕೆ ಎಷ್ಟು ವಿಳಾಸದ ತಂತಿಗಳು ಬೇಕು?

2. ಎಟಿ89ಸಿ51ರ ಇಎ ಪಿನ್ 5 ವೋಲ್ಟಿಗೆ ಸೇರಿದೆ. ಹೊರಗೆ 27ಸಿ64 ಇದೆ. ಕ್ರಮವಿಧಿಗೆ ಒಟ್ಟು ಎಷ್ಟು ಕಿಲೋಬೈಟ್ ದೊರೆಯುತ್ತದೆ? 12 ಕಿಲೋಬೈಟ್ ಏಕಲ್ಲ?

3. ಗಾಡಿಯೊಂದು ಪರದೆಯ ಮೇಲೆ ಹೊಸ ಸಂದೇಶಗಳನ್ನು ಸೇರಿಸಿದಂದಿನಿಂದ ನಡುವೆ ನಡುವೆ ಮೊದಲಿನಿಂದ ಆರಂಭಿಸುತ್ತಿದೆ. ಕಂಪೈಲರ್ ವರದಿಯ ಯಾವ ಲೆಕ್ಕವನ್ನು ಮೊದಲು ನೋಡಬೇಕು?